1999ರ ಚೆನ್ನೈ ಟೆಸ್ಟ್ ಪಂದ್ಯ

1999ರ ಚೆನ್ನೈ ಟೆಸ್ಟ್ ಪಂದ್ಯವು ಭಾರತ ಮತ್ತು ಪಾಕಿಸ್ತಾನ ಕ್ರಿಕೆಟ್ ತಂಡಗಳ ನಡುವೆ 1999ರ ಜನವರಿ 28ರಿಂದ 31ರವರೆಗೆ ಚೆನ್ನೈನ ಚೆಪಾಕ್‌ನಲ್ಲಿರುವ ಎಂ.ಎ. ಚಿದಂಬರಂ ಕ್ರೀಡಾಂಗಣದಲ್ಲಿ ನಡೆಯಿತು. ಎರಡು ಪಂದ್ಯಗಳ ಸರಣಿಯಲ್ಲಿ ಇದು ಮೊದಲನೆಯದು. ಪಾಕಿಸ್ತಾನವು ಪಂದ್ಯವನ್ನು 12 ರನ್‌ಗಳಿಂದ ಗೆದ್ದಿತು. ಗೆಲುವಿಗೆ 271 ರನ್ ಗಳಿಸಬೇಕಾಗಿದ್ದ ಭಾರತವು ಸಚಿನ್ ತೆಂಡೂಲ್ಕರ್ ಅವರ 136 ರನ್‌ಗಳ ನೆರವಿನಿಂದ 6 ವಿಕೆಟ್‌ಗೆ 254ರವರೆಗೆ ತಲುಪಿ, ಅಲ್ಲಿಂದ ಕೇವಲ 4 ರನ್‌ಗಳ ಅಂತರದಲ್ಲಿ ಉಳಿದ ನಾಲ್ಕು ವಿಕೆಟ್‌ಗಳನ್ನು ಕಳೆದುಕೊಂಡಿತು.

ಪಂದ್ಯದ ಅಂಕಿ ಅಂಶಗಳಷ್ಟೇ ಅದರ ನಂತರ ನಡೆದ ಘಟನೆಯೂ ಪ್ರಸಿದ್ಧವಾಗಿದೆ. ಸಾಂಪ್ರದಾಯಿಕ ಎದುರಾಳಿಯ ಎದುರು ಕೈಗೆ ಬಂದ ತುತ್ತು ಬಾಯಿಗೆ ಬಾರದಂತಹ ಸೋಲನ್ನು ಕಂಡ ಚೆಪಾಕ್‌ನ ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟಿ ಪಾಕಿಸ್ತಾನದ ಆಟಗಾರರನ್ನು ಗೌರವಿಸಿದರು. ಕ್ರಿಕೆಟ್ ಅಭಿಮಾನಿಗಳು ಸೋಲನ್ನು ಹೇಗೆ ಎದುರಿಸುತ್ತಾರೆ ಎಂಬ ಚರ್ಚೆಯಲ್ಲಿ ಈ ಘಟನೆಯನ್ನು ಮತ್ತೆ ಮತ್ತೆ ಉದಾಹರಿಸಲಾಗುತ್ತದೆ.

ಹಿನ್ನೆಲೆ

ಭಾರತ ಮತ್ತು ಪಾಕಿಸ್ತಾನ ತಂಡಗಳು ಇದಕ್ಕೂ ಮೊದಲು ಟೆಸ್ಟ್ ಸರಣಿಯಲ್ಲಿ ಎದುರಾದದ್ದು 1989ರಲ್ಲಿ, ಪಾಕಿಸ್ತಾನದ ನೆಲದಲ್ಲಿ. ಆ ಸರಣಿಯ ಕರಾಚಿ ಪಂದ್ಯದಲ್ಲಿಯೇ ತೆಂಡೂಲ್ಕರ್ ಮತ್ತು ವಕಾರ್ ಯೂನಿಸ್ ಇಬ್ಬರೂ ತಮ್ಮ ಚೊಚ್ಚಲ ಟೆಸ್ಟ್ ಆಡಿದ್ದರು. ಭಾರತದಲ್ಲಿ ಎರಡೂ ತಂಡಗಳು ಟೆಸ್ಟ್ ಆಡಿ ಹನ್ನೆರಡು ವರ್ಷಗಳಾಗಿದ್ದವು. ಆ ಹಿಂದಿನ ಪಂದ್ಯ ನಡೆದದ್ದು 1987ರ ಮಾರ್ಚ್‌ನಲ್ಲಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಚೆಂಡು ಅಂಕೆಗೆ ಸಿಗದೆ ತಿರುಗುತ್ತಿದ್ದ ಆ ಅಂಕಣದಲ್ಲಿ ಸುನಿಲ್ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸ್‌ನಲ್ಲಿ 96 ರನ್ ಗಳಿಸಿದರೂ ಭಾರತವು 16 ರನ್‌ಗಳಿಂದ ಸೋತಿತ್ತು, ಸರಣಿಯೂ ಕೈತಪ್ಪಿತ್ತು. ಒಬ್ಬನೇ ಆಟಗಾರನು ಇಡೀ ತಂಡದ ಭಾರವನ್ನು ಹೊತ್ತು ಗುರಿಯ ಸಮೀಪಕ್ಕೆ ತಂದು ಮುಗಿಸಲಾಗದೆ ಹೋದ ಆ ಕಥೆಯೇ ಚೆನ್ನೈನಲ್ಲಿ ಪುನರಾವರ್ತನೆಯಾಯಿತು ಎನ್ನಬಹುದು.

1998ರ ಮೇ ತಿಂಗಳಲ್ಲಿ ಎರಡೂ ರಾಷ್ಟ್ರಗಳು ಅಣು ಪರೀಕ್ಷೆ ನಡೆಸಿದ್ದವು. ಅದಾಗಿ ಒಂದು ವರ್ಷವೂ ತುಂಬದ ಹೊತ್ತಿನಲ್ಲಿ ಪಾಕಿಸ್ತಾನದ ತಂಡವು ಭಾರತಕ್ಕೆ ಬಂದಿತು. ಪ್ರವಾಸವನ್ನು ಶಿವಸೇನೆ ತೀವ್ರವಾಗಿ ವಿರೋಧಿಸಿತು. ಜನವರಿಯ ಮೊದಲ ವಾರದಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನಕ್ಕೆ ನುಗ್ಗಿದ ಕಾರ್ಯಕರ್ತರು ಅಂಕಣವನ್ನು ಅಗೆದು ಹಾಳುಮಾಡಿದರು. ಮುಂಬಯಿಯಲ್ಲಿದ್ದ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಕಚೇರಿಯ ಮೇಲೆಯೂ ದಾಳಿ ನಡೆಯಿತು. ಮೊದಲ ಟೆಸ್ಟ್ ದೆಹಲಿಯಲ್ಲಿ, ಎರಡನೆಯದು ಚೆನ್ನೈನಲ್ಲಿ ಎಂದಿದ್ದ ವೇಳಾಪಟ್ಟಿಯನ್ನು ಈ ಕಾರಣದಿಂದ ತಿರುವುಮುರುವು ಮಾಡಲಾಯಿತು. ಕೋಟ್ಲಾದ ಅಂಕಣ ದುರಸ್ತಿಯಾಗಲು ಕಾಲಾವಕಾಶ ಬೇಕಾಗಿತ್ತು. ಹೀಗೆ ಚೆನ್ನೈಗೆ ಮೊದಲ ಪಂದ್ಯದ ಆತಿಥ್ಯ ಬಂದದ್ದು ಒಂದು ರೀತಿಯಲ್ಲಿ ಆಕಸ್ಮಿಕ. ಬಿಗಿ ಪೊಲೀಸ್ ಕಾವಲಿನ ನಡುವೆ ಪಂದ್ಯ ಆರಂಭವಾಯಿತು.

ಚೆಪಾಕ್ ಮೈದಾನ

ಚೆಪಾಕ್ ಭಾರತದ ಹಳೆಯ ಕ್ರಿಕೆಟ್ ಮೈದಾನಗಳಲ್ಲೊಂದು. ರಣಜಿ ಟ್ರೋಫಿಯ ಪ್ರಪ್ರಥಮ ಪಂದ್ಯವು ಮದ್ರಾಸ್ ಮತ್ತು ಮೈಸೂರು ತಂಡಗಳ ನಡುವೆ 1934ರ ನವೆಂಬರ್ 4ರಂದು ಇಲ್ಲಿಯೇ ನಡೆಯಿತು. ಮೈಸೂರು ತಂಡ ಒಂದೇ ದಿನದಲ್ಲಿ ಸೋತುಹೋಯಿತು. 1952ರಲ್ಲಿ ಭಾರತವು ಇಂಗ್ಲೆಂಡ್ ತಂಡವನ್ನು ಮಣಿಸಿ ತನ್ನ ಮೊಟ್ಟಮೊದಲ ಟೆಸ್ಟ್ ಗೆಲುವನ್ನು ಕಂಡದ್ದೂ, 1986ರಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ ನಡುವಿನ ಟೆಸ್ಟ್ ಸಮಬಲದಲ್ಲಿ (ಟೈ) ಮುಗಿದದ್ದೂ ಇದೇ ಮೈದಾನದಲ್ಲಿ.

ಆಟದ ಸೂಕ್ಷ್ಮವನ್ನು ಬಲ್ಲವರು, ಎದುರಾಳಿಯ ಒಳ್ಳೆಯ ಆಟವನ್ನೂ ಮೆಚ್ಚುವವರು ಎಂಬ ಹೆಸರು ಇಲ್ಲಿಯ ಪ್ರೇಕ್ಷಕರಿಗೆ ಮೊದಲಿನಿಂದಲೂ ಇತ್ತು. 1997ರ ಮೇ 21ರಂದು ಸ್ವಾತಂತ್ರ್ಯ ಕಪ್ ಏಕದಿನ ಪಂದ್ಯದಲ್ಲಿ ಪಾಕಿಸ್ತಾನದ ಸಯೀದ್ ಅನ್ವರ್ ಇಲ್ಲಿ 194 ರನ್ ಗಳಿಸಿ, ವಿವಿಯನ್ ರಿಚರ್ಡ್ಸ್ ಹೆಸರಿನಲ್ಲಿದ್ದ 189 ರನ್‌ಗಳ ವಿಶ್ವದಾಖಲೆಯನ್ನು ಮುರಿದಾಗಲೂ ಅವರಿಗೆ ಚಪ್ಪಾಳೆಯ ಸುರಿಮಳೆಯೇ ಆಗಿತ್ತು. ಆ ಪಂದ್ಯದಲ್ಲಿ ರಾಹುಲ್ ದ್ರಾವಿಡ್ ತಮ್ಮ ಮೊದಲ ಏಕದಿನ ಶತಕವನ್ನು (107) ಗಳಿಸಿದರೂ ಭಾರತ 35 ರನ್‌ಗಳಿಂದ ಸೋತಿತು. ಆದ್ದರಿಂದ 1999ರ ಘಟನೆಯನ್ನು ಒಂದು ದಿನದ ಪವಾಡವೆಂಬಂತೆ ವರ್ಣಿಸುವುದು ಪೂರ್ತಿ ಸರಿಯಲ್ಲ. ಅದರ ಹಿಂದೆ ಆ ಮೈದಾನದ ರೂಢಿಯೊಂದು ಇತ್ತು.

ಮೊದಲ ಮೂರು ದಿನಗಳು

ಭಾರತ ತಂಡವನ್ನು ಮೊಹಮ್ಮದ್ ಅಜರುದ್ದೀನ್, ಪಾಕಿಸ್ತಾನ ತಂಡವನ್ನು ವಾಸಿಂ ಅಕ್ರಮ್ ಮುನ್ನಡೆಸಿದರು. ಭಾರತದ ಹನ್ನೊಂದು ಮಂದಿಯಲ್ಲಿ ಐವರು ಕರ್ನಾಟಕದವರಾಗಿದ್ದರು: ರಾಹುಲ್ ದ್ರಾವಿಡ್, ಅನಿಲ್ ಕುಂಬ್ಳೆ, ಸುನಿಲ್ ಜೋಶಿ, ಜಾವಗಲ್ ಶ್ರೀನಾಥ್ ಮತ್ತು ವೆಂಕಟೇಶ್ ಪ್ರಸಾದ್. ಸ್ಥಳೀಯ ಆಟಗಾರ ಸದಗೋಪನ್ ರಮೇಶ್ ಅವರಿಗೆ ಇದು ಚೊಚ್ಚಲ ಟೆಸ್ಟ್.

ಮೊದಲು ಬ್ಯಾಟ್ ಮಾಡಿದ ಪಾಕಿಸ್ತಾನ 238 ರನ್ ಗಳಿಸಿತು. ಮೊಯಿನ್ ಖಾನ್ 60, ಯೂಸುಫ್ ಯೊಹಾನಾ (ಮುಂದೆ ಮೊಹಮ್ಮದ್ ಯೂಸುಫ್) 53 ರನ್ ಸೇರಿಸಿದರು. ಕುಂಬ್ಳೆ 70 ರನ್‌ಗೆ 6, ಶ್ರೀನಾಥ್ 3 ವಿಕೆಟ್ ಪಡೆದರು. ಭಾರತವು ದ್ರಾವಿಡ್ (53) ಮತ್ತು ಸೌರವ್ ಗಂಗೂಲಿ (54) ಅವರ ಅರ್ಧಶತಕಗಳಿಂದ 254 ರನ್ ಗಳಿಸಿ 16 ರನ್‌ಗಳ ಮುನ್ನಡೆ ಪಡೆಯಿತು. ಆಫ್ ಸ್ಪಿನ್ ಬೌಲರ್ ಸಕ್ಲೇನ್ ಮುಷ್ತಾಕ್ 94 ರನ್‌ಗೆ 5 ವಿಕೆಟ್ ಕಿತ್ತರು. ತೆಂಡೂಲ್ಕರ್ ಅವರು ಸಕ್ಲೇನ್ ಎಸೆತಕ್ಕೆ ದೊಡ್ಡ ಹೊಡೆತ ಬಾರಿಸಲು ಹೋಗಿ ಖಾತೆ ತೆರೆಯದೆ ನಿರ್ಗಮಿಸಿದರು.

ಎರಡನೆಯ ಇನಿಂಗ್ಸ್‌ನಲ್ಲಿ ಶಾಹಿದ್ ಆಫ್ರಿದಿ ತಮ್ಮ ಮೊದಲ ಟೆಸ್ಟ್ ಶತಕ (141) ಗಳಿಸಿದರು. ಏಕದಿನ ಪಂದ್ಯಗಳ ಬೀಸುಗಾರನೆಂದಷ್ಟೇ ಹೆಸರಾಗಿದ್ದ ಅವರು ಇಷ್ಟು ದೀರ್ಘಕಾಲ ನಿಲ್ಲುವರೆಂದು ಹೆಚ್ಚಿನವರು ಎಣಿಸಿರಲಿಲ್ಲ. ಪಾಕಿಸ್ತಾನವು 4 ವಿಕೆಟ್‌ಗೆ 275 ರನ್ ಗಳಿಸಿ ಭಾರತವನ್ನು ಪಂದ್ಯದಿಂದ ಹೊರಗಿಡುವ ಹಂತದಲ್ಲಿದ್ದಾಗ ವೆಂಕಟೇಶ್ ಪ್ರಸಾದ್ ಅವರ ದಾಳಿ ಆಟದ ದಿಕ್ಕನ್ನೇ ಬದಲಿಸಿತು. ಅವರು ಒಂದೂ ರನ್ ನೀಡದೆ ಐದು ವಿಕೆಟ್ ಕಿತ್ತರು. ಇನಿಂಗ್ಸ್‌ನಲ್ಲಿ 33 ರನ್‌ಗೆ 6 ವಿಕೆಟ್ ಅವರದಾಯಿತು. ಪಾಕಿಸ್ತಾನ 286ಕ್ಕೆ ಮುಗಿಯಿತು. ತೆಂಡೂಲ್ಕರ್ ಶತಕದ ನೆರಳಿನಲ್ಲಿ ಪ್ರಸಾದ್ ಅವರ ಈ ಸಾಧನೆ ಮಸುಕಾಗಿದೆ. ಅದಿಲ್ಲದಿದ್ದರೆ ನಾಲ್ಕನೆಯ ದಿನದ ನಾಟಕವೇ ಇರುತ್ತಿರಲಿಲ್ಲ.

ಗೆಲುವಿನ ಗುರಿ 271. ವಕಾರ್ ಯೂನಿಸ್ ಆರಂಭಿಕ ಆಟಗಾರರಾದ ರಮೇಶ್ ಮತ್ತು ವಿ.ವಿ.ಎಸ್. ಲಕ್ಷ್ಮಣ್ ಅವರನ್ನು ಬೇಗನೆ ಹಿಂದಕ್ಕೆ ಕಳುಹಿಸಿದರು; ಆಗ ಮೊತ್ತ ಕೇವಲ 6. ಮೂರನೆಯ ದಿನದಾಟದ ಅಂತ್ಯಕ್ಕೆ ಭಾರತ 2 ವಿಕೆಟ್‌ಗೆ 40 ರನ್ ಗಳಿಸಿತ್ತು. ದ್ರಾವಿಡ್ ಮತ್ತು ತೆಂಡೂಲ್ಕರ್ ಅಂಕಣದಲ್ಲಿದ್ದರು.

ನಾಲ್ಕನೆಯ ದಿನ

ಜನವರಿ 31 ಭಾನುವಾರ. ಬೆಳಗಿನ ಅವಧಿಯಲ್ಲಿ ಅಕ್ರಮ್ ಎಸೆದ ಚೆಂಡೊಂದು ಒಳಕ್ಕೆ ಬರುವಂತೆ ತೋರಿ ನೆಲಕ್ಕೆ ಬಿದ್ದ ಮೇಲೆ ಹೊರಕ್ಕೆ ಸರಿದು ದ್ರಾವಿಡ್ ಅವರ ಆಫ್ ಸ್ಟಂಪ್ ಹಾರಿಸಿತು. ದ್ರಾವಿಡ್‌ರ ರಕ್ಷಣೆಯನ್ನು ಭೇದಿಸಿದ ಅತ್ಯುತ್ತಮ ಎಸೆತಗಳ ಪಟ್ಟಿಯಲ್ಲಿ ಇದಕ್ಕೆ ಖಾಯಂ ಸ್ಥಾನವಿದೆ. ಅಜರುದ್ದೀನ್ 7 ರನ್‌ಗೆ ಔಟಾದರು. ಗಂಗೂಲಿ ಅವರ ನಿರ್ಗಮನ ವಿವಾದಕ್ಕೆ ಗುರಿಯಾಯಿತು: ಅವರು ಹೊಡೆದ ಚೆಂಡು ಸಮೀಪದಲ್ಲಿದ್ದ ಕ್ಷೇತ್ರರಕ್ಷಕನಿಗೆ ತಗುಲಿ ಮೇಲೆದ್ದಾಗ ವಿಕೆಟ್ ಕೀಪರ್ ಮೊಯಿನ್ ಖಾನ್ ಹಿಡಿದರು. ಚೆಂಡು ನೆಲಕ್ಕೆ ತಗುಲಿತ್ತೇ ಎಂಬ ಪ್ರಶ್ನೆ ಉಳಿಯಿತು. ಅಂಪೈರ್ ತೀರ್ಪು ಮಾತ್ರ ಪಾಕಿಸ್ತಾನದ ಪರವಾಗಿತ್ತು. ಭಾರತ 5 ವಿಕೆಟ್‌ಗೆ 82.

ಇಲ್ಲಿಂದ ತೆಂಡೂಲ್ಕರ್ ಮತ್ತು ವಿಕೆಟ್ ಕೀಪರ್ ನಯನ್ ಮೊಂಗಿಯಾ ಆರನೆಯ ವಿಕೆಟ್‌ಗೆ 136 ರನ್‌ಗಳ ಜೊತೆಯಾಟ ಕಟ್ಟಿದರು. ತೆಂಡೂಲ್ಕರ್ ಅವರ ಆಟ ಅವರ ಎಂದಿನ ಶೈಲಿಯದಾಗಿರಲಿಲ್ಲ. ಬಹಳ ಹೊತ್ತು ಅವರು ಕೇವಲ ವಿಕೆಟ್ ಉಳಿಸಿಕೊಳ್ಳುವುದರಲ್ಲಿ ಮಗ್ನರಾಗಿದ್ದರು. ಸಕ್ಲೇನ್ ಎಸೆಯುತ್ತಿದ್ದ, ಆಫ್ ಸ್ಪಿನ್‌ನಂತೆ ಕಂಡು ವಿರುದ್ಧ ದಿಕ್ಕಿಗೆ ಹೊರಳುವ ‘ದೂಸ್ರಾ’ ಎಸೆತವನ್ನು ಕೈಯಿಂದಲೇ ಗುರುತಿಸುವುದು ಆ ಕಾಲದ ಬ್ಯಾಟ್ಸ್‌ಮನ್‌ಗಳಿಗೆ ಹೊಸ ಪಾಠವಾಗಿತ್ತು. ಚೆನ್ನೈನ ಸೆಕೆಯಲ್ಲಿ ದಿನವಿಡೀ ಆಡುತ್ತಿದ್ದ ತೆಂಡೂಲ್ಕರ್ ಅವರಿಗೆ ಬೆನ್ನುನೋವು ಕಾಣಿಸಿಕೊಂಡು, ಕಾಲಕ್ರಮೇಣ ತೀವ್ರವಾಯಿತು. ರನ್ ಓಡುವುದೂ ಕಷ್ಟವಾದಾಗ ಅವರು ಬೌಂಡರಿಗಳತ್ತ ಹೊರಳಿದರು.

ಮೊತ್ತ 218 ಆಗಿದ್ದಾಗ ಮೊಂಗಿಯಾ (52) ಅಕ್ರಮ್ ಬೌಲಿಂಗ್‌ನಲ್ಲಿ ಕ್ಯಾಚಿತ್ತರು. ಉಳಿದದ್ದು 53 ರನ್. ಜೋಶಿ ಜೊತೆಗೂಡಿದ ಮೇಲೆ ತೆಂಡೂಲ್ಕರ್ ಬಿರುಸಿನಿಂದ ಆಡಿ ಅಂತರವನ್ನು 17ಕ್ಕೆ ಇಳಿಸಿದರು. ಮೈದಾನದಲ್ಲಿ ಗೆಲುವಿನ ಸಂಭ್ರಮ ಆರಂಭವಾಗಿಯೇ ಹೋಗಿತ್ತು. ಆಗ ಸಕ್ಲೇನ್ ಎಸೆತವೊಂದನ್ನು ಎತ್ತಿ ಹೊಡೆಯಲು ಹೋದ ತೆಂಡೂಲ್ಕರ್ ಅವರ ಬ್ಯಾಟಿನಿಂದ ಚೆಂಡು ಗಾಳಿಗೆ ಏರಿತು. ಅಕ್ರಮ್ ಕೆಳಗೆ ನಿಂತು ಹಿಡಿದರು. 273 ಎಸೆತಗಳಲ್ಲಿ 18 ಬೌಂಡರಿಗಳಿದ್ದ 136 ರನ್‌ಗಳ ಇನಿಂಗ್ಸ್ ಮುಗಿಯಿತು.

ಮೂರು ವಿಕೆಟ್ ಕೈಯಲ್ಲಿತ್ತು, ಬೇಕಾದದ್ದು 17 ರನ್. ಲೆಕ್ಕದಲ್ಲಿ ಪಂದ್ಯ ಇನ್ನೂ ಭಾರತದ್ದೇ ಆಗಿತ್ತು. ಕುಂಬ್ಳೆ ಅವರನ್ನು ಅಕ್ರಮ್ ಎಲ್‌ಬಿಡಬ್ಲ್ಯು ಬಲೆಗೆ ಕೆಡವಿದರು. ಜೋಶಿ (8) ಸಕ್ಲೇನ್‌ಗೆ ಮರಳಿ ಕ್ಯಾಚ್ ನೀಡಿದರು. ಶ್ರೀನಾಥ್ ಬೌಲ್ಡ್ ಆದರು. ಪ್ರಸಾದ್ ಇನ್ನೊಂದು ತುದಿಯಲ್ಲಿ ಅಜೇಯರಾಗಿ ಉಳಿದರು. ಭಾರತ 258ಕ್ಕೆ ಆಲೌಟ್. ಎರಡನೆಯ ಇನಿಂಗ್ಸ್‌ನಲ್ಲಿ 93 ರನ್‌ಗೆ 5 ವಿಕೆಟ್ ಪಡೆದ ಸಕ್ಲೇನ್ ಪಂದ್ಯದಲ್ಲಿ ಒಟ್ಟು 10 ವಿಕೆಟ್ ಗಳಿಸಿದರು. ಕೊನೆಯಲ್ಲಿ ನಿಲ್ಲಲಾಗದ ಮೂವರೂ ಕರ್ನಾಟಕದವರೇ ಆಗಿದ್ದುದು ಈ ರಾಜ್ಯದ ಅಭಿಮಾನಿಗಳಿಗೆ ಹೆಚ್ಚಿನ ನೋವಿನ ವಿಷಯ. ಆದರೆ ಪಂದ್ಯವನ್ನು ಅಲ್ಲಿಯವರೆಗೆ ತಂದವರಲ್ಲಿಯೂ ಕರ್ನಾಟಕದ ಬೌಲರ್‌ಗಳು ಮುಖ್ಯರು ಎಂಬುದನ್ನು ಮರೆಯಲಾಗದು.

ಪ್ರೇಕ್ಷಕರ ಪ್ರತಿಕ್ರಿಯೆ

ಕೊನೆಯ ವಿಕೆಟ್ ಉರುಳಿದಾಗ ಪಾಕಿಸ್ತಾನದ ಆಟಗಾರರು ಒಟ್ಟುಗೂಡಿ ಸಂಭ್ರಮಿಸಿದರು. ಸುತ್ತಲಿನ ಸಾವಿರಾರು ಜನರು ಕೆಲವು ಕ್ಷಣ ಸ್ತಬ್ಧರಾಗಿದ್ದರು. ಇಂತಹ ಮೌನದ ನಂತರ ಏನಾಗಬಹುದೆಂಬುದಕ್ಕೆ ಉಪಖಂಡದ ಮೈದಾನಗಳಲ್ಲಿ ಕಹಿ ಉದಾಹರಣೆಗಳಿದ್ದವು. ಮೂರು ವರ್ಷಗಳ ಹಿಂದೆ, 1996ರ ಮಾರ್ಚ್ 13ರಂದು, ಕೊಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ವಿಶ್ವಕಪ್ ಉಪಾಂತ್ಯ ಪಂದ್ಯವನ್ನು ಪ್ರೇಕ್ಷಕರ ಗಲಭೆಯಿಂದಾಗಿ ನಿಲ್ಲಿಸಿ ಶ್ರೀಲಂಕಾ ಗೆದ್ದಿತೆಂದು ಘೋಷಿಸಬೇಕಾಗಿ ಬಂದಿತ್ತು.

ಚೆನ್ನೈನಲ್ಲಿ ಹಾಗಾಗಲಿಲ್ಲ. ಒಂದು ಭಾಗದಲ್ಲಿ ಆರಂಭವಾದ ಚಪ್ಪಾಳೆ ಕ್ರಮೇಣ ಕ್ರೀಡಾಂಗಣವನ್ನೆಲ್ಲ ಆವರಿಸಿತು. ಜನರು ಎದ್ದುನಿಂತರು. ಇದನ್ನು ಕಂಡ ಪಾಕಿಸ್ತಾನದ ತಂಡವು ಮೈದಾನಕ್ಕೆ ಸುತ್ತುಹಾಕಿ ಪ್ರೇಕ್ಷಕರಿಗೆ ವಂದಿಸಿತು. ಭಾರತದ ನೆಲದಲ್ಲಿ ಪಾಕಿಸ್ತಾನದ ತಂಡ ವಿಜಯದ ಸುತ್ತು ಹಾಕುವುದು, ಅದಕ್ಕೆ ಭಾರತದ ಪ್ರೇಕ್ಷಕರೇ ಚಪ್ಪಾಳೆ ತಟ್ಟುವುದು ಆ ದಿನಗಳ ರಾಜಕೀಯ ಹಿನ್ನೆಲೆಯಲ್ಲಿ ಊಹೆಗೆ ಮೀರಿದ ದೃಶ್ಯವಾಗಿತ್ತು. ನಾಯಕ ವಾಸಿಂ ಅಕ್ರಮ್ ನಂತರದ ವರ್ಷಗಳಲ್ಲಿ ಅನೇಕ ಸಂದರ್ಶನಗಳಲ್ಲಿ ಇದನ್ನು ಸ್ಮರಿಸಿದ್ದಾರೆ.

ಪಂದ್ಯಶ್ರೇಷ್ಠ ಪ್ರಶಸ್ತಿ ತೆಂಡೂಲ್ಕರ್ ಅವರಿಗೆ ದೊರೆಯಿತು. ಅದನ್ನು ಸ್ವೀಕರಿಸಲು ಅವರು ಹೊರಗೆ ಬರಲಿಲ್ಲ. ಡ್ರೆಸಿಂಗ್ ಕೋಣೆಯಲ್ಲಿ ತಾವು ಅತ್ತದ್ದನ್ನು ಅವರು ತಮ್ಮ ಆತ್ಮಕಥೆ ‘ಪ್ಲೇಯಿಂಗ್ ಇಟ್ ಮೈ ವೇ’ (2014) ಕೃತಿಯಲ್ಲಿ ಹೇಳಿಕೊಂಡಿದ್ದಾರೆ. ಹೀಗೆ ಒಂದೇ ಸೋಲಿಗೆ ಒಂದೇ ಕ್ರೀಡಾಂಗಣದಲ್ಲಿ ಎರಡು ಪ್ರತಿಕ್ರಿಯೆಗಳಿದ್ದವು: ಒಳಗೆ ಕಣ್ಣೀರು, ಹೊರಗೆ ಚಪ್ಪಾಳೆ. ಚಪ್ಪಾಳೆ ತಟ್ಟಿದವರಿಗೆ ದುಃಖವಾಗಿರಲಿಲ್ಲ ಎಂದು ತಿಳಿಯುವುದು ತಪ್ಪಾಗುತ್ತದೆ. ನಾಲ್ಕು ದಿನಗಳ ಕಾಲ ಆಟದ ಪ್ರತಿಯೊಂದು ತಿರುವನ್ನೂ ಕಣ್ಣಾರೆ ಕಂಡವರಿಗೆ, ಗೆದ್ದವರು ಎಷ್ಟು ಕಷ್ಟಪಟ್ಟು ಗೆದ್ದರೆಂಬುದೂ ಗೊತ್ತಿತ್ತು. ಅಂತಿಮ ಮೊತ್ತವನ್ನು ಮಾತ್ರ ಕೇಳಿದವರಿಗೆ ಆ ಅವಕಾಶವಿರಲಿಲ್ಲ.

ಮನೆಯಲ್ಲಿ ಕುಳಿತ ಅಭಿಮಾನಿ

ಮೈದಾನದ ಹೊರಗೆ ದೂರದರ್ಶನ ಮತ್ತು ಆಕಾಶವಾಣಿಯ ಮೂಲಕ ಪಂದ್ಯವನ್ನು ಅನುಸರಿಸಿದವರ ಸಂಖ್ಯೆ ಮೈದಾನದಲ್ಲಿದ್ದವರಿಗಿಂತ ಎಷ್ಟೋ ಪಟ್ಟು ಹೆಚ್ಚು. ತೆಂಡೂಲ್ಕರ್ ಔಟಾದೊಡನೆ ಟಿ.ವಿ. ಆರಿಸಿ ಎದ್ದುಹೋಗುವುದು 1990ರ ದಶಕದ ಭಾರತೀಯ ಮನೆಗಳಲ್ಲಿ ಸಾಮಾನ್ಯವಾಗಿದ್ದ ಅಭ್ಯಾಸ. ಈ ಪಂದ್ಯದಲ್ಲಿ ಅದು ಇನ್ನಷ್ಟು ಅರ್ಥಪೂರ್ಣವಾಗಿ ಕಾಣುತ್ತದೆ: ಉಳಿದ 17 ರನ್‌ಗಳನ್ನು ಉಳಿದವರು ಗಳಿಸಬಲ್ಲರೆಂಬ ನಂಬಿಕೆಯೇ ಹಲವರಲ್ಲಿ ಇರಲಿಲ್ಲ.

ಸೋಲಿನ ನಂತರ ಅಭಿಮಾನಿಗಳು ಮೊದಲು ಮಾಡುವ ಕೆಲಸ ಕಾರಣ ಹುಡುಕುವುದು. ಚೆನ್ನೈ ಪಂದ್ಯದ ವಿಷಯದಲ್ಲಿ ಕಾರಣಗಳಿಗೆ ಕೊರತೆಯಿರಲಿಲ್ಲ. ಗಂಗೂಲಿಯವರ ಕ್ಯಾಚಿನ ತೀರ್ಪು ಸರಿಯಾಗಿತ್ತೇ, ಮೊಂಗಿಯಾ ಆ ಹೊತ್ತಿನಲ್ಲಿ ದೊಡ್ಡ ಹೊಡೆತಕ್ಕೆ ಕೈಹಾಕಬೇಕಾಗಿತ್ತೇ, ತೆಂಡೂಲ್ಕರ್ ಇನ್ನೆರಡು ಓವರ್ ತಾಳಬಹುದಾಗಿರಲಿಲ್ಲವೇ, ಬಾಲಂಗೋಚಿಗಳು ಒಂದೊಂದು ರನ್ನಾದರೂ ಕೂಡಿಸಬಹುದಾಗಿತ್ತಲ್ಲವೇ ಎಂಬ ಪ್ರಶ್ನೆಗಳು ದಶಕಗಳ ನಂತರವೂ ಮುಗಿದಿಲ್ಲ. ಅಂತರ ಕೇವಲ 12 ರನ್ ಆಗಿದ್ದುದರಿಂದ ಇವುಗಳಲ್ಲಿ ಯಾವುದೊಂದು ಬದಲಾಗಿದ್ದರೂ ಫಲಿತಾಂಶ ಬದಲಾಗುತ್ತಿತ್ತು ಎಂದು ವಾದಿಸಲು ಸಾಧ್ಯ. ಹೀನಾಯ ಸೋಲಿಗಿಂತ ಕೂದಲೆಳೆಯ ಸೋಲು ಹೆಚ್ಚು ಕಾಲ ಕಾಡುವುದು ಇದೇ ಕಾರಣಕ್ಕೆ. ಬೆನ್ನುನೋವಿನಲ್ಲಿ ಆಡಿದ ಒಬ್ಬ ಆಟಗಾರನನ್ನೇ ‘ಮುಗಿಸಲು ಬಾರದವನು’ ಎಂದು ದೂರಿದ ಟೀಕೆಯೂ ಈ ಪಂದ್ಯದಿಂದ ಬಲಪಡೆಯಿತು. ಅದು ನ್ಯಾಯವಲ್ಲ. ಹನ್ನೊಂದು ಮಂದಿಯ ಆಟದಲ್ಲಿ ತಂಡದ ಅರ್ಧಕ್ಕಿಂತ ಹೆಚ್ಚು ರನ್ ಗಳಿಸಿದವನ ಮೇಲೆಯೇ ಸೋಲಿನ ಹೊಣೆ ಹೊರಿಸುವುದಕ್ಕೆ ತರ್ಕದ ಆಧಾರವಿಲ್ಲ.

ಅಭಿಮಾನಿಗಳ ಈ ನಡವಳಿಕೆಯನ್ನು ಮನೋವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. ಅಮೆರಿಕದ ರಾಬರ್ಟ್ ಚಾಲ್ದೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದ ನಂತರ ವಿದ್ಯಾರ್ಥಿಗಳು ತಮ್ಮ ಸಂಸ್ಥೆಯ ಗುರುತಿರುವ ಉಡುಪನ್ನು ಹೆಚ್ಚಾಗಿ ಧರಿಸುತ್ತಿದ್ದರು. ಗೆಲುವನ್ನು ಹೇಳುವಾಗ ‘ನಾವು’ ಎಂಬ ಸರ್ವನಾಮವೂ, ಸೋಲನ್ನು ಹೇಳುವಾಗ ‘ಅವರು’ ಎಂಬುದೂ ಹೆಚ್ಚಾಗಿ ಬಳಕೆಯಾಗುತ್ತಿತ್ತು. ಕನ್ನಡ ಮಾತಿನಲ್ಲಿಯೂ ಇದನ್ನು ಕಾಣಬಹುದು: ಗೆದ್ದ ದಿನ ‘ಗೆದ್ವಿ’ ಎನ್ನುವ ಅಭಿಮಾನಿಯೇ ಸೋತ ದಿನ ‘ಸೋತ್ಬಿಟ್ರು’ ಎನ್ನುತ್ತಾನೆ. ಕ್ರಿಯಾಪದದ ಪ್ರತ್ಯಯವೊಂದೇ ಅಭಿಮಾನಿಯನ್ನು ತಂಡದಿಂದ ದೂರ ಸರಿಸುತ್ತದೆ; ಬೇರೆ ಸರ್ವನಾಮದ ಅಗತ್ಯವೂ ಬೀಳುವುದಿಲ್ಲ. ತಂಡದೊಂದಿಗೆ ಗಾಢವಾಗಿ ಗುರುತಿಸಿಕೊಂಡವರಿಗೆ ಮಾತ್ರ ಈ ಬಗೆಯ ಜಾರಿಕೊಳ್ಳುವಿಕೆ ಸುಲಭವಲ್ಲ. ತಂಡ ಸೋತ ನಂತರ ಅಂತಹವರು, ಆಟಕ್ಕೆ ಸಂಬಂಧವಿಲ್ಲದ ಕೆಲಸಗಳಲ್ಲಿಯೂ ತಮ್ಮ ಸಾಮರ್ಥ್ಯವನ್ನು ಕಡಿಮೆಯಾಗಿ ಅಂದಾಜಿಸುತ್ತಾರೆ ಎಂಬುದನ್ನು 1992ರಲ್ಲಿ ಪ್ರಕಟವಾದ ಮತ್ತೊಂದು ಅಮೆರಿಕನ್ ಅಧ್ಯಯನ ತೋರಿಸಿತು.

ಭಾರತ–ಪಾಕಿಸ್ತಾನ ಪಂದ್ಯಗಳಲ್ಲಿ ಇದಕ್ಕೆ ರಾಷ್ಟ್ರಾಭಿಮಾನವೂ ಸೇರಿಕೊಳ್ಳುವುದರಿಂದ ಗಾಯ ಬೇಗ ಮಾಯುವುದಿಲ್ಲ. 1986ರ ಏಪ್ರಿಲ್ 18ರಂದು ಶಾರ್ಜಾದ ಆಸ್ಟ್ರಲ್-ಏಷ್ಯಾ ಕಪ್ ಫೈನಲ್‌ನಲ್ಲಿ ಕೊನೆಯ ಎಸೆತಕ್ಕೆ 4 ರನ್ ಬೇಕಾಗಿದ್ದಾಗ ಜಾವೇದ್ ಮಿಯಾಂದಾದ್, ಚೇತನ್ ಶರ್ಮಾ ಎಸೆತವನ್ನು ಸಿಕ್ಸರ್‌ಗೆ ಎತ್ತಿದ್ದರು. ಮರುವರ್ಷವೇ ವಿಶ್ವಕಪ್‌ನಲ್ಲಿ ಹ್ಯಾಟ್ರಿಕ್ ಸಾಧಿಸಿದರೂ ಚೇತನ್ ಶರ್ಮಾ ಹೆಸರಿನೊಂದಿಗೆ ಜನರು ನೆನೆಯುವುದು ಆ ಒಂದು ಎಸೆತವನ್ನೇ. ಗಡಿಯ ಆಚೆಗೂ ಇದೇ ಸ್ಥಿತಿ. 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ನಡೆದ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಪಾಕಿಸ್ತಾನ 39 ರನ್‌ಗಳಿಂದ ಸೋತಾಗ, ಗಾಯದಿಂದಾಗಿ ಆ ಪಂದ್ಯದಿಂದ ಹೊರಗುಳಿದಿದ್ದ ವಾಸಿಂ ಅಕ್ರಮ್ ತಮ್ಮ ದೇಶದಲ್ಲಿ ಅಭಿಮಾನಿಗಳ ತೀವ್ರ ಆಕ್ರೋಶಕ್ಕೆ ಗುರಿಯಾದರು. ಚೆಪಾಕ್‌ನ ಚಪ್ಪಾಳೆಯನ್ನು ಸ್ವೀಕರಿಸಿದ ನಾಯಕನೂ ಅವರೇ ಎಂಬುದು ಗಮನಾರ್ಹ.

ನಂತರದ ಘಟನೆಗಳು

ಚೆನ್ನೈ ಸೋಲಿನ ದುಃಖ ಒಂದೇ ವಾರದಲ್ಲಿ ಬಹುಮಟ್ಟಿಗೆ ಶಮನವಾಯಿತು. ಫೆಬ್ರುವರಿ 4ರಿಂದ 7ರವರೆಗೆ ದೆಹಲಿಯಲ್ಲಿ ನಡೆದ ಎರಡನೆಯ ಟೆಸ್ಟ್‌ನಲ್ಲಿ ಅನಿಲ್ ಕುಂಬ್ಳೆ ಎರಡನೆಯ ಇನಿಂಗ್ಸ್‌ನ ಹತ್ತೂ ವಿಕೆಟ್‌ಗಳನ್ನು 74 ರನ್‌ಗೆ ಪಡೆದರು. 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಮಾಡಿದ್ದ ಸಾಧನೆಯ ನಂತರ ಟೆಸ್ಟ್ ಇತಿಹಾಸದಲ್ಲಿ ಇದು ಎರಡನೆಯದು. ಒಂಬತ್ತು ವಿಕೆಟ್ ಬಿದ್ದ ಮೇಲೆ, ಕೊನೆಯದೂ ಕುಂಬ್ಳೆಗೇ ಸಿಗಲೆಂದು ಶ್ರೀನಾಥ್ ಚೆಂಡನ್ನು ಉದ್ದೇಶಪೂರ್ವಕವಾಗಿ ದೂರಕ್ಕೆ ಎಸೆದರು. ಭಾರತ 212 ರನ್‌ಗಳಿಂದ ಗೆದ್ದು ಸರಣಿಯನ್ನು 1–1ರಲ್ಲಿ ಸಮಮಾಡಿಕೊಂಡಿತು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಬಳಿಯ ವೃತ್ತವೊಂದಕ್ಕೆ ಕುಂಬ್ಳೆ ಹೆಸರಿಡಲಾಯಿತು. ಚೆನ್ನೈನಲ್ಲಿ 1 ರನ್‌ಗೆ ಔಟಾಗಿ ಹೊರನಡೆದವರೂ ಅವರೇ.

ಎಲ್ಲ ಮೈದಾನಗಳೂ ಚೆಪಾಕ್ ಆಗಲಿಲ್ಲ. ಫೆಬ್ರುವರಿ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇದೇ ತಂಡಗಳ ನಡುವೆ ಏಷ್ಯನ್ ಟೆಸ್ಟ್ ಚಾಂಪಿಯನ್‌ಷಿಪ್‌ನ ಪಂದ್ಯ ಆರಂಭವಾಯಿತು. ನಾಲ್ಕನೆಯ ದಿನ ತೆಂಡೂಲ್ಕರ್ ರನ್ನಿಗಾಗಿ ಓಡುತ್ತಿದ್ದಾಗ ಶೋಯೆಬ್ ಅಖ್ತರ್‌ಗೆ ಡಿಕ್ಕಿಯಾಗಿ ರನೌಟ್ ಆದರು. ಕೆರಳಿದ ಪ್ರೇಕ್ಷಕರು ಬಾಟಲಿಗಳನ್ನು ಎಸೆದರು. ತೆಂಡೂಲ್ಕರ್ ಮತ್ತು ಜಗಮೋಹನ್ ದಾಲ್ಮಿಯಾ ಮೈದಾನದ ಸುತ್ತ ನಡೆದು ಶಾಂತಿಗಾಗಿ ಮನವಿ ಮಾಡಬೇಕಾಯಿತು. ಮರುದಿನ ಮತ್ತೆ ಗಲಭೆಯಾದಾಗ ಪೊಲೀಸರು ಪ್ರೇಕ್ಷಕರನ್ನು ಹೊರಗೆ ಕಳುಹಿಸಿದರು. ಪಾಕಿಸ್ತಾನವು ಬಹುತೇಕ ಖಾಲಿ ಕ್ರೀಡಾಂಗಣದಲ್ಲಿ 46 ರನ್‌ಗಳಿಂದ ಗೆದ್ದಿತು. ಆ ಪಂದ್ಯದಲ್ಲಿ ಶ್ರೀನಾಥ್ 13 ವಿಕೆಟ್ ಪಡೆದಿದ್ದರು. ಅದನ್ನು ಮೆಚ್ಚಲು ಕೊನೆಯಲ್ಲಿ ಅಲ್ಲಿ ಜನರೇ ಉಳಿದಿರಲಿಲ್ಲ. ಎರಡು ಘಟನೆಗಳ ನಡುವೆ ಮೂರು ವಾರಗಳ ಅಂತರವೂ ಇಲ್ಲ. ಹಾಗೆಂದು ಒಂದು ನಗರದ ಜನರನ್ನು ಸಜ್ಜನರೆಂದೂ ಇನ್ನೊಂದು ನಗರದವರನ್ನು ಒರಟರೆಂದೂ ವಿಂಗಡಿಸುವುದು ಅವಸರದ ಮಾತಾದೀತು. ಈಡನ್‌ನಲ್ಲಿ ತಮ್ಮ ನೆಚ್ಚಿನ ಆಟಗಾರನಿಗೆ ಅನ್ಯಾಯವಾಯಿತೆಂಬ ಭಾವನೆ ಕಿಚ್ಚು ಹೊತ್ತಿಸಿತ್ತು. ಚೆಪಾಕ್‌ನಲ್ಲಿ ಗಂಗೂಲಿಯವರ ವಿವಾದಾತ್ಮಕ ತೀರ್ಪಿನ ನಂತರ ದೀರ್ಘವಾದ ಆಟ ಉಳಿದಿತ್ತು. ಕೋಪ ತಣಿಯಲು ಸಮಯ ಸಿಕ್ಕಿತು.

ಆ ವರ್ಷದ ಬೇಸಿಗೆಯಲ್ಲಿ ಕಾರ್ಗಿಲ್ ಸಂಘರ್ಷ ಆರಂಭವಾಯಿತು. ಅದು ನಡೆಯುತ್ತಿದ್ದಾಗಲೇ, ಜೂನ್ 8ರಂದು, ಮ್ಯಾಂಚೆಸ್ಟರ್‌ನಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಭಾರತವು ಪಾಕಿಸ್ತಾನವನ್ನು 47 ರನ್‌ಗಳಿಂದ ಸೋಲಿಸಿತು. ವೆಂಕಟೇಶ್ ಪ್ರಸಾದ್ 27 ರನ್‌ಗೆ 5 ವಿಕೆಟ್ ಪಡೆದರು. ಎರಡೂ ದೇಶಗಳ ನಡುವಿನ ಟೆಸ್ಟ್ ಸರಣಿ ಮತ್ತೆ ಆರಂಭವಾಗಲು 2004ರವರೆಗೆ ಕಾಯಬೇಕಾಯಿತು.

2004ರ ಮಾರ್ಚ್ 13ರಂದು ಕರಾಚಿಯಲ್ಲಿ ನಡೆದ ಏಕದಿನ ಪಂದ್ಯವನ್ನು ಚೆಪಾಕ್‌ಗೆ ದೊರೆತ ಉತ್ತರವೆಂದು ಭಾವಿಸುವವರಿದ್ದಾರೆ. ಭಾರತ 349 ರನ್ ಗಳಿಸಿತು. ದ್ರಾವಿಡ್ 99ಕ್ಕೆ ಔಟಾದರು. ಇಂಜಮಾಮ್ ಉಲ್ ಹಕ್ ಅವರ 122 ರನ್‌ಗಳಿಂದ ಪಾಕಿಸ್ತಾನವು ಗುರಿಯ ಸಮೀಪಕ್ಕೆ ಬಂದಿತು. ಕೊನೆಯ ಎಸೆತಕ್ಕೆ ಸಿಕ್ಸರ್ ಬೇಕಾಗಿದ್ದಾಗ ಆಶಿಶ್ ನೆಹ್ರಾ ಬೌಲಿಂಗ್‌ನಲ್ಲಿ ಮೊಯಿನ್ ಖಾನ್ ಕ್ಯಾಚಿತ್ತರು. ಭಾರತ 5 ರನ್‌ಗಳಿಂದ ಗೆದ್ದಿತು. ಕರಾಚಿಯ ಪ್ರೇಕ್ಷಕರು ಎದ್ದುನಿಂತು ಭಾರತದ ಆಟಗಾರರಿಗೆ ಚಪ್ಪಾಳೆ ತಟ್ಟಿದರು. ಆ ಪ್ರವಾಸದಲ್ಲಿ ಪಾಕಿಸ್ತಾನದ ಜನರ ಮೆಚ್ಚಿನವರಾದ ಬೌಲರ್ ಲಕ್ಷ್ಮೀಪತಿ ಬಾಲಾಜಿ ಚೆನ್ನೈನವರು.

ತೆಂಡೂಲ್ಕರ್ ಅವರ ಮಟ್ಟಿಗೆ ಚೆಪಾಕ್‌ನ ಬಾಕಿ ತೀರಿದ್ದು 2008ರ ಡಿಸೆಂಬರ್ 15ರಂದು. ಮುಂಬಯಿ ಮೇಲಿನ ಭಯೋತ್ಪಾದಕ ದಾಳಿಯ ಬೆನ್ನಲ್ಲೇ ನಡೆದ ಟೆಸ್ಟ್‌ನಲ್ಲಿ ಇಂಗ್ಲೆಂಡ್ ವಿರುದ್ಧ 387 ರನ್‌ಗಳ ಗುರಿಯನ್ನು ಭಾರತ ಬೆನ್ನಟ್ಟಿ 6 ವಿಕೆಟ್‌ಗಳಿಂದ ಗೆದ್ದಿತು. ತೆಂಡೂಲ್ಕರ್ 103 ರನ್ ಗಳಿಸಿ ಅಜೇಯರಾಗಿ ಉಳಿದರು. ಗೆಲುವಿನ ರನ್ ಅವರ ಬ್ಯಾಟಿನಿಂದಲೇ ಬಂದಿತು.

ಭಾರತ ಮತ್ತು ಪಾಕಿಸ್ತಾನ ನಡುವಿನ ಇತ್ತೀಚಿನ ಟೆಸ್ಟ್ ಪಂದ್ಯ 2007ರ ಡಿಸೆಂಬರ್ 8ರಿಂದ 12ರವರೆಗೆ ಬೆಂಗಳೂರಿನಲ್ಲಿ ನಡೆದು ಡ್ರಾ ಆಯಿತು. ಗಂಗೂಲಿ ಅದರಲ್ಲಿ 239 ರನ್ ಗಳಿಸಿದರು. ಭಾರತದ ನಾಯಕರಾಗಿದ್ದವರು ಅನಿಲ್ ಕುಂಬ್ಳೆ. ಆ ಬಳಿಕ ಎರಡೂ ತಂಡಗಳು ಟೆಸ್ಟ್ ಕ್ರಿಕೆಟ್‌ನಲ್ಲಿ ಎದುರಾಗಿಲ್ಲ. ಚೆಪಾಕ್‌ನಲ್ಲಿ ಪಾಕಿಸ್ತಾನವು 2012ರ ಡಿಸೆಂಬರ್ 30ರಂದು ಭಾರತದ ವಿರುದ್ಧ ಏಕದಿನ ಪಂದ್ಯವೊಂದನ್ನು ಆಡಿ ಗೆದ್ದಿತು. 2023ರ ವಿಶ್ವಕಪ್‌ನಲ್ಲಿ ಅಫ್ಘಾನಿಸ್ತಾನ ಮತ್ತು ದಕ್ಷಿಣ ಆಫ್ರಿಕಾ ವಿರುದ್ಧದ ಪಂದ್ಯಗಳನ್ನೂ ಪಾಕಿಸ್ತಾನ ಅಲ್ಲಿಯೇ ಆಡಿತು, ಎರಡರಲ್ಲಿಯೂ ಸೋತಿತು.